ಪ್ಯಾರಾಚೂಟಿಗೆ ಇಟ್ಟ ದೃಷ್ಟಿಬೊಟ್ಟು

ನನಗೆ ಎತ್ತರವೆಂದರೆ ಆಗದು. ನಾನು ಹುಟ್ಟಿದ್ದು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಪಕ್ಕದ ಹಳ್ಳಿಯಲ್ಲಿ, ಮನೆ ಬಾಗಿಲು ತೆಗೆದರೆ ಎದುರಿಗೇ ಬೆಟ್ಟ. ನನ್ನ ವಾರಿಗೆಯವರೆಲ್ಲ ಮೇಲಿನ ಕೋಟೆಯವರೆಗೆ ಹತ್ತಿ ಇಳಿದು ಮೊಣಕಾಲು ತರಚಿಕೊಂಡು ದೊಡ್ಡವರಾದರು. ನಾನು ಅರ್ಧ ದಾರಿಯಲ್ಲಿ ಬಂಡೆ ತಬ್ಬಿಕೊಂಡು ಕೂತು ಅತ್ತವಳು. ಈಗಲೂ ಶೆಟ್ಟಿಹಳ್ಳಿಯ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಅಂಚಿನ ಕಡೆಯ ತಂತಿ ನನ್ನ ಗಂಡನ ಪಾಲು. ಇಂಥವಳು ಆಕಾಶದಿಂದ ಇಳಿಯುವ ಮನುಷ್ಯರಿಗೆ ಪ್ಯಾರಾಚೂಟ್ ಹೊಲಿಯುತ್ತಾಳೆ ಅಂದರೆ ನಗು ಬರುತ್ತದೆ. ನಾನೂ ಮೊದಲು ಸಾಕಷ್ಟು ನಕ್ಕೆ. ಆಮೇಲೆ ನಗು ನಿಂತುಹೋಯಿತು.

ಹದಿನಾಲ್ಕು ವರ್ಷ ನಾನು ತುಮಕೂರಿನ ಒಂದು ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿದೆ. ಕಾಲರ್ ಮಾತ್ರ. ಆಮೇಲೆ ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಘಟಕ ಶುರುವಾಯಿತು. ದಪ್ಪ ಪಟ್ಟಿ ಹೊಲಿಯುವವರು ಬೇಕು, ಕೈ ನಡುಗಬಾರದು, ಕಣ್ಣು ಚೆನ್ನಾಗಿರಬೇಕು ಅಂದರು. ಲಗೇಜು ಬ್ಯಾಗಿನ ಕೆಲಸವಿರಬೇಕು ಅಂದುಕೊಂಡು ಹೋದೆ. ಪರೀಕ್ಷೆಯಲ್ಲಿ ಪಾಸಾದ ಮೇಲೆ ಹೇಳಿದರು, ಗಗನಯಾತ್ರಿಗಳು ಕೂತು ವಾಪಸ್ ಬರುತ್ತಾರಲ್ಲ, ಆ ಕೋಶದ ಪ್ಯಾರಾಚೂಟು ಇದು ಎಂದು. ಆವತ್ತೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಕಾಲರ್ ಹೊಲಿದೂ ಹೊಲಿದೂ ನನಗೂ ಜೀವ ಬೇಸತ್ತಿತ್ತು.

ನನ್ನ ಕೆಲಸ ಕುಣಿಕೆ. ಕೋಶಕ್ಕೂ ಪ್ಯಾರಾಚೂಟಿಗೂ ನಡುವೆ ದಪ್ಪ ಪಟ್ಟಿಗಳಿರುತ್ತವೆ. ಪಟ್ಟಿಯ ತುದಿಯನ್ನು ಹಿಂದಕ್ಕೆ ಮಡಿಸಿ ಹೊಲಿದರೆ ಒಂದು ಕುಣಿಕೆ ಆಗುತ್ತದೆ, ಕೊಂಡಿ ಅದರೊಳಗೆ ಸೇರುತ್ತದೆ. ಮೇಲಿನ ಬಟ್ಟೆ ಎಷ್ಟು ದೊಡ್ಡದಿದ್ದರೂ ಭಾರವೆಲ್ಲ ಬಂದು ನಿಲ್ಲುವುದು ಈ ಮಡಿಕೆಯ ಹೊಲಿಗೆಯ ಮೇಲೆ. ಹೊಲಿದವರ ಸಹಿ ಇರುವ ಕಾರ್ಡೊಂದು ಪ್ರತಿ ತುಂಡಿನ ಜೊತೆಯಲ್ಲೇ ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಮಡಿಸಿ ಯಂತ್ರದಲ್ಲಿ ಒತ್ತಿ ಒತ್ತಿ ಚೀಲಕ್ಕೆ ತುಂಬುತ್ತಾರೆ. ಆಮೇಲೆ ಅದು ಬಟ್ಟೆಯ ಹಾಗಿರುವುದಿಲ್ಲ, ತಟ್ಟಿದರೆ ಮರದ ದಿಮ್ಮಿಯ ಸದ್ದು ಬರುತ್ತದೆ. ಒಮ್ಮೆ ಹಾಗೆ ಆದದ್ದು ಮತ್ತೆ ಬಿಚ್ಚಿಕೊಳ್ಳುವುದು ಆಕಾಶದಲ್ಲೇ.

ನಮ್ಮ ಹೊಲಿಗೆ ನೋಡುವವರು ಇನ್‌ಸ್ಪೆಕ್ಷನ್ ಮೇಡಂ. ಕ್ಯಾತ್ಸಂದ್ರದಿಂದ ಬರುತ್ತಿದ್ದರು, ರಿಟೈರ್ ಆಗಲು ಎರಡು ವರ್ಷ ಇತ್ತು. ಭೂತಗನ್ನಡಿ ಹಿಡಿದು ಒಂದೊಂದು ಹೊಲಿಗೆಯನ್ನೂ ಎಣಿಸಿ, ಸರಿಯಿದ್ದರೆ ಕಾರ್ಡಿನ ಮೇಲೆ ಸೀಲು ಒತ್ತುತ್ತಿದ್ದರು. ಸರಿಯಿಲ್ಲದಿದ್ದರೆ ಎದುರಿಗೇ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಅವರ ಕಣ್ಣಿಗೆ ನಾವೆಲ್ಲ ಹೆದರುತ್ತಿದ್ದೆವು. ಬೆಳಗ್ಗೆ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಂದು, ಚಪ್ಪಲಿ ಬಿಡುವ ಕೋಣೆಯ ಕನ್ನಡಿ ಮುಂದೆ ಅದನ್ನು ಪೂರ್ತಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಬಳೆ, ಹೂವು, ಪೌಡರು, ಕುಂಕುಮ ಯಾವುದೂ ಒಳಗೆ ನಡೆಯುವುದಿಲ್ಲ ಎಂದು ಆ ಕನ್ನಡಿ ಪಕ್ಕ ಪಟ್ಟಿ ಬರೆದು ಅಂಟಿಸಿದ್ದರು. ತಲೆಗೆ ಟೋಪಿ, ಕೈ ತೊಳೆದು ತೋರಿಸಬೇಕು.

ಕಣ್ಣಿನ ಕಾಡಿಗೆಯ ಮಾತು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ಒಂದು ದಿನ ಬೆಳಗ್ಗೆ ನಮ್ಮನ್ನು ನೋಡಲು ಒಬ್ಬ ಗಗನಯಾತ್ರಿ ಬಂದರು. ಹೆಂಗಸು. ಮೊದಲು ಹೋಗುವ ತಂಡದವರಲ್ಲ, ಅದರ ಮುಂದಿನ ತಂಡಕ್ಕೆ ತಯಾರಾಗುತ್ತಿರುವವರು. ನನಗಿಂತ ಏಳೆಂಟು ವರ್ಷ ಚಿಕ್ಕವರಿರಬಹುದು. ವಾಯುಪಡೆಯಲ್ಲಿ ವಿಮಾನ ಹಾರಿಸುತ್ತಿದ್ದವರಂತೆ. ತರಬೇತಿಗೆಂದು ಬೆಂಗಳೂರಿಗೆ ಬಂದ ಮೇಲೆ ಕನ್ನಡ ಕಲಿತಿದ್ದರು, ತಡವರಿಸಿದರೂ ಬಿಡದೆ ಕನ್ನಡದಲ್ಲೇ ಮಾತಾಡಿದರು. ದೊಡ್ಡವರು ಬಂದರೆ ಮ್ಯಾನೇಜರ್ ಜೊತೆ ಒಂದು ಸುತ್ತು ಹಾಕಿ ಹೋಗಿಬಿಡುತ್ತಾರೆ. ಇವರು ಸ್ಟೂಲು ಎಳೆದುಕೊಂಡು ನನ್ನ ಮೆಷಿನ್ನಿನ ಪಕ್ಕ ಕೂತರು.

"ಅಕ್ಕ, ಇದು ಎಲ್ಲಿ ಬರುತ್ತೆ?"

ತೋರಿಸಿದೆ. ಕುಣಿಕೆಯೊಳಗೆ ಎರಡು ಬೆರಳು ತೂರಿಸಿ ಎಳೆದು ನೋಡಿದರು. ಅವರ ವಿಷಯ ಕೇಳಿದೆ. ತಿರುಗುವ ಯಂತ್ರದಲ್ಲಿ ಕೂರಿಸಿ ಎದೆಯ ಮೇಲೆ ಬಂಡೆ ಇಟ್ಟಂತೆ ಆಗುವವರೆಗೆ ತಿರುಗಿಸುತ್ತಾರಂತೆ, ನೀರಿನಲ್ಲಿ ಮುಳುಗಿಸುತ್ತಾರಂತೆ, ಸಣ್ಣ ಕೋಣೆಯಲ್ಲಿ ದಿನಗಟ್ಟಲೆ ಒಂಟಿಯಾಗಿ ಇರಿಸುತ್ತಾರಂತೆ. ಇಷ್ಟೆಲ್ಲ ಮಾಡಿದ ಮೇಲೂ ಹೋಗುವುದು ಗ್ಯಾರಂಟಿ ಇಲ್ಲ. ಒಂದು ಹಲ್ಲು ನೋವು ಸಾಕು, ಪಟ್ಟಿಯಿಂದ ಹೆಸರು ತೆಗೆಯಲು.

"ಮುಂದೆ ಮೇಲೆ ನಮ್ಮದೇ ಸ್ಪೇಸ್ ಸ್ಟೇಷನ್ ಇರುತ್ತೆ ಅಕ್ಕ. ಆಮೇಲೆ ಚಂದ್ರ. ನಾನು ಹೋಗ್ತೀನೋ ಇಲ್ವೋ ಗೊತ್ತಿಲ್ಲ. ನಾನಲ್ಲ ಅಂದ್ರೆ ನನ್ನ ಹಿಂದಿನವರು ಹೋಗ್ತಾರೆ."

"ಭಯ ಆಗಲ್ವಾ ಮೇಡಂ?" ಕೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು.

"ಹೋಗುವಾಗ ಇಲ್ಲ. ಹೋಗುವಾಗ ಕೆಲಸ ಇರುತ್ತೆ. ಬರುವಾಗ ಆಗುತ್ತೆ. ಕೊನೆಯಲ್ಲಿ ನನ್ನ ಕೈಯಲ್ಲಿ ಏನೂ ಇರಲ್ಲ, ಸುಮ್ನೆ ಕೂತಿರಬೇಕು. ಆಗ ಇದೇ ಇರೋದು." ಕುಣಿಕೆಯನ್ನು ಮೇಜಿನ ಮೇಲೆ ಇಟ್ಟರು.

ಅದನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಲ್ಲಿಯವರೆಗೆ ಆ ಪಟ್ಟಿಯ ತುದಿಯಲ್ಲಿ ನನಗೆ ಕೋಶ ಕಾಣುತ್ತಿತ್ತು. ಆವತ್ತಿನಿಂದ ಒಂದು ಮುಖ ಕಾಣತೊಡಗಿತು.

ಹೊರಡುವಾಗ ಗೇಟಿನ ಹತ್ತಿರ ಫೋಟೋ ತೆಗೆಸಿಕೊಳ್ಳಲು ಮುಗಿಬಿದ್ದೆವು. ಪಕ್ಕದ ಕಾರ್ಖಾನೆಯವರೂ ಓಡಿ ಬಂದರು. ಎಲ್ಲರೂ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದರು.

ಆ ಭಾನುವಾರ ಗುಬ್ಬಿ ಕಡೆಯ ನಮ್ಮ ತೋಟಕ್ಕೆ ಹೋದಾಗ ಅತ್ತೆಗೆ ಫೋಟೋ ತೋರಿಸಿದೆ. ಅವರು ಫೋನನ್ನು ಬಿಸಿಲಿಗೆ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು.

"ಇವ್ಳೇನಾ ಮ್ಯಾಲಕ್ಕೆ ಹೋಗೋಳು? ಎಷ್ಟು ಲಕ್ಷಣವಾಗವ್ಳೆ ಕಣೇ! ಅಷ್ಟು ಜನ ಕಣ್ಣು ಬಿಟ್ಕೊಂಡು ನೋಡಿದೀರ. ದೃಷ್ಟಿ ತೆಗೆದ್ರಾ?"

"ಅದು ಫ್ಯಾಕ್ಟ್ರಿ, ಅತ್ತೆ."

"ಫ್ಯಾಕ್ಟ್ರಿ ಆದ್ರೆ ಕಣ್ಣು ಬೀಳಲ್ವಾ? ದೇಶಾನೇ ನೋಡ್ತಾ ಕೂತಿರ್ತದೆ ಅವ್ಳನ್ನ. ಒಂದು ಬೊಟ್ಟು ಇಡೋಕೆ ಯಾರಿಗೂ ಕೈ ಬರ್ಲಿಲ್ವಾ? ಓಗ್ಲಿ ಬುಡು."

ಹೋಗಲಿ ಬಿಡು ಅಂದರೂ ಅದು ನನ್ನನ್ನು ಬಿಡಲಿಲ್ಲ. ನನ್ನ ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಒಂದು ನಾಮಕರಣಕ್ಕೆ ಬೊಟ್ಟಿಡದೆ ಎತ್ತಿಕೊಂಡು ಹೋಗಿದ್ದೆ. ಸಂಜೆಗೆ ಜ್ವರ ಏರಿ ಮೈ ಸೆಟೆದುಕೊಂಡು ಕಣ್ಣು ಮೇಲೆ ಮಾಡಿದಳು. ಅದು ಜ್ವರದಿಂದ ಆದದ್ದು, ಬೊಟ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬೈದೇ ಹೇಳಿದರು. ನಾನು ಡಾಕ್ಟರ ಮಾತನ್ನು ನಂಬಿದೆ. ಆದರೆ ಅದಾದ ಮೇಲೆ ಅವಳಿಗೆ ಬೊಟ್ಟಿಡದೆ ಹೊಸ್ತಿಲು ದಾಟಿಸಿದ್ದಿಲ್ಲ.

ಬುಧವಾರ ನನ್ನ ಮೆಷಿನ್ನಿಗೆ ಹೊಸ ಸೆಟ್ಟಿನ ಪಟ್ಟಿ ಬಂತು, ಮನುಷ್ಯರು ಕೂರುವ ಕೋಶಕ್ಕೆ ಎಂದು ಗುರುತು ಮಾಡಿದ್ದು. ಚೌಕವಾಗಿ ಹೋಗುವ ಹೊಲಿಗೆ ಮೂಲೆಗೆ ಬಂದಾಗ ಸೂಜಿಯನ್ನು ಪಟ್ಟಿಯಲ್ಲೇ ನಿಲ್ಲಿಸಿ, ಬಟ್ಟೆ ಒತ್ತಿಹಿಡಿಯುವ ಫುಟ್ ಎತ್ತಿ ಪಟ್ಟಿ ತಿರುಗಿಸಬೇಕು. ತಿರುಗಿಸಿದ ಮೇಲೆ ಫುಟ್ ಇಳಿಸಿ, ದಾರ ಬಿಗಿ ಮಾಡಿ, ಚಕ್ರವನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಆಮೇಲೆ ಪೆಡಲ್ ಒತ್ತಬೇಕು. ಮೂರನೇ ಮೂಲೆಯಲ್ಲಿ ಫುಟ್ ಎತ್ತಿದವಳು ಅತ್ತಿತ್ತ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ಕಣ್ಣಿನ ಕೊನೆಯಿಂದ ಬೆರಳ ತುದಿಗೆ ಕಾಡಿಗೆ ತೆಗೆದುಕೊಂಡು ಕುಣಿಕೆಯ ಒಳಮಗ್ಗುಲಿಗೆ, ಮುಂದೆ ಬಟ್ಟೆಯ ಕವಚ ಬಂದು ಮುಚ್ಚುವ ಜಾಗದಲ್ಲಿ, ಸಾಸಿವೆಯಷ್ಟು ಒಂದು ಬೊಟ್ಟು ಇಟ್ಟೆ. ಹರಳೆಣ್ಣೆ ದೀಪದ ಮಸಿಗೆ ತುಪ್ಪ ಕಲಸಿ ಅತ್ತೆ ಮನೆಯಲ್ಲೇ ಮಾಡಿದ ಕಾಡಿಗೆ. ಒಳ್ಳೆಯದಾಗಲಿ ತಾಯಿ, ಸುಖವಾಗಿ ಇಳಿದು ಬಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಯಾರಾದರೂ ನೋಡಿದರೋ ಎಂದು ಮತ್ತೆ ತಲೆ ತಿರುಗಿಸಿದೆ. ಬೇಗ ಬೇಗ ಉಳಿದದ್ದು ಹೊಲಿದು ಕಾರ್ಡಿಗೆ ಸಹಿ ಹಾಕಿದೆ.

ಇನ್‌ಸ್ಪೆಕ್ಷನ್ ಮೇಡಂ ಕುಣಿಕೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸೀಲಿನ ಸದ್ದು ಕೇಳಿಸಿತು. ಕಾಣಲಿಲ್ಲ ಅಂದುಕೊಂಡೆ. ಮನೆಗೆ ಹೋಗಿ ಹಾಯಾಗಿ ಮುದ್ದೆ ಉಂಡೆ.

ಎರಡು ತಿಂಗಳ ಮೇಲೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ನಮಗೆ ಪಾಠ ಮಾಡಲು ಬಂದರು. ಪಟ್ಟಿಯ ಮೇಲೆ ಒಂದು ಹನಿ ಎಣ್ಣೆ ಬಿದ್ದಿದ್ದ ಫೋಟೋ ತೋರಿಸಿ, ಇದನ್ನು ಏನು ಮಾಡಬೇಕು ಎಂದು ಕೇಳಿದರು. ಒರೆಸಬೇಕು ಅಂದರು ಯಾರೋ. ಅವರು ತಲೆ ಅಲ್ಲಾಡಿಸಿದರು.

"ಎಣ್ಣೆ, ಮಸಿ, ಕ್ರೀಮು, ಏನೇ ಇರಲಿ. ತಿಂಗಳುಗಟ್ಟಲೆ ಒತ್ತಿ ಇಟ್ಟಾಗ ಅದು ದಾರಕ್ಕೆ ಏನು ಮಾಡುತ್ತೆ ಅಂತ ನಾವು ಪರೀಕ್ಷೆ ಮಾಡಿಲ್ಲ. ಏನೂ ಆಗದೇ ಇರಬಹುದು. ಆದರೆ ನಮಗೆ ಗೊತ್ತಿಲ್ಲದ್ದನ್ನ ಮನುಷ್ಯರ ಜೊತೆ ಮೇಲೆ ಕಳಿಸೋ ಹಾಗಿಲ್ಲ."

ಮಸಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬೆರಳ ತುದಿ ನೋಡಿಕೊಂಡೆ. ಅಷ್ಟರಲ್ಲಿ ನನ್ನ ಕುಣಿಕೆಗೆ ಕವಚ ಬಂದಿತ್ತು, ಸೆಟ್ಟು ಸೇರಿತ್ತು, ಒತ್ತಿ ಚೀಲಕ್ಕೂ ತುಂಬಿಯಾಗಿತ್ತು. ಸ್ಟೋರಿನ ಕಪಾಟಿನಲ್ಲಿ ದಿಮ್ಮಿಯಾಗಿ ಕೂತಿತ್ತು. ಇನ್ನು ಹತ್ತು ದಿನಕ್ಕೆ ಅದನ್ನು ಒಯ್ಯಲು ಗಾಡಿ ಬರುತ್ತದೆ ಅಂದರು.

ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ನನ್ನದೊಂದೇ ಹೋದರೆ ಪರವಾಗಿಲ್ಲ, ಘಟಕದ ಮೇಲೇ ನಂಬಿಕೆ ಹೋದರೆ ಎಲ್ಲರೂ ಮನೆಗೆ. ಹೇಳದಿದ್ದರೆ ಆ ಹೆಂಗಸು, ಅಲ್ಲದಿದ್ದರೆ ಅವರಂಥ ಇನ್ನೊಬ್ಬರು, ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ಕೂತಿರುತ್ತಾರೆ. ಸಾರಿಗೆ ಒಗ್ಗರಣೆ ಹಾಕುವಾಗ ಹರಳೆಣ್ಣೆ ದೀಪ ನೆನಪಾಗುತ್ತಿತ್ತು. ಗಂಡ ಏನಾಯ್ತೆಂದು ಕೇಳಿದರೆ ಹೊಟ್ಟೆನೋವು ಅಂದೆ. ಏನೂ ಆಗದೇ ಇರಬಹುದು ಅಂದರಲ್ಲ ಎಂಜಿನಿಯರು, ಆ ಒಂದು ಮಾತನ್ನು ಹಿಡಿದು ಜೋತಾಡಿದೆ. ಕಣ್ಣಿಗೆ ಕಾಡಿಗೆ ಹಚ್ಚುವುದನ್ನು ಬಿಟ್ಟೆ. ಅದರಿಂದ ಏನು ಬಂತು?

ಭಾನುವಾರ ತೋಟದಲ್ಲಿ ತೆಂಗಿನಕಾಯಿ ಕೀಳಿಸುತ್ತಿದ್ದರು. ಹತ್ತುವವರು ಮೇಲಿನಿಂದ ಗೊನೆ ಕಡಿದು ಬಿಡುತ್ತಿದ್ದರು. ಹದಿನೆಂಟು ವರ್ಷದಿಂದ ಕೇಳಿದ ಸದ್ದು ಅದು. ಆವತ್ತು ಮೊದಲ ಗೊನೆ ದಬ್ಬೆಂದು ಬಿದ್ದಾಗ ನಾನು ಕಿರುಚಿ ಅಲ್ಲೇ ಕುಸಿದು ಕೂತೆ. ಎರಡನೆಯದು ಬಿತ್ತು. ಕಿವಿ ಮುಚ್ಚಿಕೊಂಡೆ. ಮುಚ್ಚಿದರೂ ನೆಲ ಅದುರುವುದು ಗೊತ್ತಾಗುತ್ತಿತ್ತು. ಅತ್ತೆ ಓಡಿಬಂದು, "ಏನಾಯ್ತೇ? ಯಾಕಿಂಗೆ ಬೆವೀತಿದೀಯ?" ಎಂದು ನನ್ನ ತಲೆ ಒರೆಸಿದರು. ಬಿಸಿಲಿಗೆ ಅಂದೆ. ನಿಜ ಹೇಳಿದ್ದರೆ ತಮ್ಮಿಂದಲೇ ಆಯಿತೆಂದು ಅವರು ಊಟ ಬಿಡುತ್ತಿದ್ದರು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಚಪ್ಪಲಿ ಬಿಡುವ ಕೋಣೆಯಲ್ಲಿ ಕಾದು ನಿಂತೆ. ಇನ್‌ಸ್ಪೆಕ್ಷನ್ ಮೇಡಂ ಬಂದು ಕನ್ನಡಿ ಮುಂದೆ ನಿಂತು ವಿಭೂತಿ ಒರೆಸಿಕೊಳ್ಳಲು ಕರವಸ್ತ್ರ ತೆಗೆದರು.

"ಮೇಡಂ, ಆ ಸೆಟ್ಟಿನ ಕುಣಿಕೆ ಒಳಗೆ ನಾನು ಕಾಡಿಗೆ ಇಟ್ಟಿದೀನಿ" ಅಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು. "ಆಯಮ್ಮಂಗೆ ದೃಷ್ಟಿ ಆಗ್ಬಾರ್ದು ಅಂತ ಇಟ್ಟೆ."

ಬೈಯುತ್ತಾರೆ, ಕೆನ್ನೆಗೆ ಬಾರಿಸುತ್ತಾರೆ ಎಂದು ಕಾದೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿದರು. ಕರವಸ್ತ್ರ ಹಿಡಿದ ಕೈ ಹಣೆಯ ಹತ್ತಿರವೇ ನಿಂತಿತ್ತು.

"ನನಗೆ ಗೊತ್ತು ಕಣೇ" ಅಂದರು.

"ಗೊತ್ತಾ?"

"ಆವತ್ತೇ ನೋಡಿದೆ. ಎಣ್ಣೆ ಕಲೆ ಅಲ್ಲ, ಯಾರೋ ಬೊಟ್ಟು ಇಟ್ಟವ್ರೆ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಕತ್ತರಿ ತಗೊಂಡೆ. ಇಟ್ಟ ಬೊಟ್ಟು ಕತ್ತರಿಸೋಕೆ ಕೈ ಬರ್ಲಿಲ್ಲ. ಕತ್ತರಿಸಿ, ನಾಳೆ ಅವ್ರಿಗೆ ಏನಾದ್ರೂ ಆದ್ರೆ?" ಕರವಸ್ತ್ರ ಮಡಿಸಿ ಜೇಬಿಗೆ ಹಾಕಿದರು. "ಸೀಲು ಹಾಕಿದೀನಿ. ಆ ಪಾಠ ಕೇಳ್ದಾಗಿಂದ ನಂಗೂ ಅನ್ನ ಇಳೀತಿಲ್ಲ."

ನನ್ನ ಭಯ ಹಂಚಿಕೊಂಡರೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಇಮ್ಮಡಿಯಾಯಿತು. ಆ ಕಣ್ಣೊಂದಿದೆ, ನಾನು ತಪ್ಪಿದರೂ ಅದು ತಪ್ಪುವುದಿಲ್ಲ ಎಂಬ ಧೈರ್ಯದ ಮೇಲೆ ನಾವೆಲ್ಲ ಕೆಲಸ ಮಾಡುತ್ತಿದ್ದೆವು. ಆ ಧೈರ್ಯ ಅಲ್ಲೇ, ಆ ಚಪ್ಪಲಿಗಳ ನಡುವೆ ಹೋಯಿತು. ಅವರು ಆವತ್ತು ವಿಭೂತಿ ಒರೆಸದೆ ನನ್ನ ಕೈ ಹಿಡಿದುಕೊಂಡು ನೇರ ಮ್ಯಾನೇಜರ್ ಕೋಣೆಗೆ ನಡೆದರು.

ಮ್ಯಾನೇಜರ್ ಕೂಗಾಡಲಿಲ್ಲ. ಒಂದು ಲೋಟ ನೀರು ಕುಡಿದು ಫೋನ್ ಎತ್ತಿಕೊಂಡರು. ಗುರುವಾರ ಬೆಂಗಳೂರಿನವರು ಬಂದ ಮೇಲೆ ಎಲ್ಲರ ಎದುರಿಗೆ ಆ ದಿಮ್ಮಿಯನ್ನು ಬಿಚ್ಚಿದರು. ಆಕಾಶದಲ್ಲಿ ಬಿಚ್ಚಿಕೊಳ್ಳಬೇಕಾದದ್ದು ನಮ್ಮ ಟೇಬಲ್ಲಿನ ಮೇಲೆ ಸುಕ್ಕುಸುಕ್ಕಾಗಿ ಬಿದ್ದುಕೊಂಡಿತು. ಎಷ್ಟು ಜನರ ಎಷ್ಟು ತಿಂಗಳ ಕೆಲಸ! ಯಾರೂ ನನ್ನ ಮುಖ ನೋಡಲಿಲ್ಲ.

ನನ್ನ ಕುಣಿಕೆಯನ್ನು ಬೇರೆ ಮಾಡಿ, ಕವಚ ಬಿಡಿಸಿ, ಎಳೆದು ನೋಡುವ ಯಂತ್ರಕ್ಕೆ ಸಿಕ್ಕಿಸಿದರು. ಪರದೆಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಎಳೆತ ಆ ಗೆರೆ ದಾಟುವವರೆಗೆ ಹೊಲಿಗೆ ತಡೆಯಬೇಕು. ದಾಟಿದ ಮೇಲೆ ಹರಿದರೂ ಚಿಂತೆಯಿಲ್ಲ. ಯಂತ್ರ ಗುರುಗುಟ್ಟಿತು. ಎಳೆತ ತೋರಿಸುವ ಗೆರೆ ಮೇಲಕ್ಕೆ ಏರುತ್ತಾ ಹೋಯಿತು. ಕೆಂಪು ಗೆರೆ ಇನ್ನೂ ಸ್ವಲ್ಪ ದೂರವಿತ್ತು. ಢಂ ಎಂದು ಸದ್ದಾಯಿತು, ನನ್ನ ಪಕ್ಕದಲ್ಲಿದ್ದವಳು ಕಿವಿ ಮುಚ್ಚಿಕೊಂಡಳು. ಕುಣಿಕೆ ಬಿಚ್ಚಿಕೊಂಡು ಎರಡು ಕಡೆ ನೇತಾಡುತ್ತಿತ್ತು.

ಎಂಜಿನಿಯರ್ ಭೂತಗನ್ನಡಿ ಹಿಡಿದು ಬಗ್ಗಿದರು. ತುಂಬ ಹೊತ್ತು ನೋಡಿ ತಲೆಯೆತ್ತಿ, "ಕಪ್ಪು ಇರೋ ಕಡೆ ಏನೂ ಆಗಿಲ್ಲ" ಅಂದರು. "ಇಲ್ಲಿ ನೋಡಿ."

ಬೊಟ್ಟಿನ ಪಕ್ಕದಲ್ಲೇ, ಬೆರಳಗಲ ಆಚೆ, ಮೂರನೇ ಮೂಲೆಯಲ್ಲಿ ಎರಡು ಹೊಲಿಗೆ ಬಿದ್ದಿರಲಿಲ್ಲ. ಸೂಜಿ ಇಳಿದಿತ್ತು, ದಾರ ಹಿಡಿದಿರಲಿಲ್ಲ. ಹರಿಯುವುದು ಅಲ್ಲಿಂದಲೇ ಶುರುವಾಗಿತ್ತು. ಬೊಟ್ಟಿಟ್ಟು ಯಾರಾದರೂ ನೋಡಿದರೋ ಎಂದು ತಲೆ ತಿರುಗಿಸಿದವಳು, ದಾರ ಬಿಗಿ ಮಾಡದೆ, ಚಕ್ರ ಕೈಯಲ್ಲಿ ತಿರುಗಿಸದೆ ಪೆಡಲ್ ಒತ್ತಿದ್ದೆ. ಹದಿನಾಲ್ಕು ವರ್ಷ ಕಾಲರ್ ಹೊಲಿದವಳು ಮಾಡದ ತಪ್ಪು.

ಇನ್‌ಸ್ಪೆಕ್ಷನ್ ಮೇಡಂ ಭೂತಗನ್ನಡಿ ಇಸಿದುಕೊಂಡು ತಾವೂ ನೋಡಿದರು. "ನಾನು ಆವತ್ತು ಎಣಿಸಲೇ ಇಲ್ಲ" ಅಂದರು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ. "ಅದನ್ನ ನೋಡ್ತಾ ನಿಂತುಬಿಟ್ಟೆ."

ದೃಷ್ಟಿಬೊಟ್ಟಿನ ಕೆಲಸವೇ ಅದು. ನೋಡುವವರ ಕಣ್ಣು ಕೂಸಿನ ಮುಖಕ್ಕೆ ಬೀಳದ ಹಾಗೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ನಾನಿಟ್ಟ ಬೊಟ್ಟು ಅಷ್ಟನ್ನೂ ಸರಿಯಾಗಿ ಮಾಡಿತ್ತು. ನಮ್ಮ ಘಟಕದಲ್ಲಿ ಆ ಎರಡು ಹೊಲಿಗೆಯನ್ನು ಕಾಣಬಲ್ಲ ಕಣ್ಣು ಒಂದೇ ಒಂದಿತ್ತು, ಅದನ್ನು ಎಳೆದುಕೊಂಡಿತ್ತು. ಹೇಳದೇ ಇದ್ದಿದ್ದರೆ? ಈಗಲೂ ಆ ಪ್ರಶ್ನೆ ಬಂದರೆ ಕೈಯಲ್ಲಿರುವ ಕೆಲಸ ಕೆಳಗಿಡುತ್ತೇನೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತಾನಾಗಿ ಬಂದು ಹೇಳಿದವರನ್ನು ತೆಗೆದರೆ ನಾಳೆ ಯಾರೂ ಹೇಳುವುದಿಲ್ಲ ಅಂದರು ಬೆಂಗಳೂರಿನವರು. ಆರು ತಿಂಗಳು ಚೀಲ, ಕವಚ ಹೊಲಿದೆ. ಮತ್ತೆ ಪರೀಕ್ಷೆ ಬರೆದು ಕುಣಿಕೆಗೆ ಬಂದೆ. ಇನ್‌ಸ್ಪೆಕ್ಷನ್ ಮೇಡಂ ಮಾತ್ರ ಯಾರೂ ಕೇಳುವ ಮೊದಲೇ ತಮ್ಮ ಸೀಲನ್ನು ಮೇಜಿನ ಮೇಲಿಟ್ಟರು. ಈಗ ಹೊಸದಾಗಿ ಸೇರುವ ಹುಡುಗಿಯರಿಗೆ ಮೆಷಿನ್ ಕಲಿಸುತ್ತಾರೆ. ಕನ್ನಡಿ ಪಕ್ಕದ ಪಟ್ಟಿಯಲ್ಲಿ ಕಾಡಿಗೆ ಎಂಬುದೂ ಸೇರಿದೆ.

ಮೊನ್ನೆ ಆ ಗಗನಯಾತ್ರಿ ಮತ್ತೆ ಬಂದಿದ್ದರು. ಇನ್ನೂ ತರಬೇತಿಯಲ್ಲೇ ಇದ್ದಾರೆ, ಇನ್ನೂ ದಿನ ಗೊತ್ತಾಗಿಲ್ಲ. ಅದೇ ಸ್ಟೂಲು ಎಳೆದುಕೊಂಡು ಕೂತರು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು ಎಂದು ಎಲ್ಲವನ್ನೂ ಹೇಳಿದೆ, ಬೊಟ್ಟು, ಬಿಟ್ಟುಹೋದ ಹೊಲಿಗೆ, ಢಂ ಎಂದದ್ದು. ನಕ್ಕು ಬೆನ್ನು ತಟ್ಟಬಹುದು ಎಂದು ಒಳಗೊಳಗೇ ಆಸೆಯಿತ್ತು. ಅವರು ನಗಲಿಲ್ಲ. ಮುಖದ ಬಣ್ಣ ಇಳಿಯಿತು. ತಿರುಗುವ ಯಂತ್ರಕ್ಕೆ, ನೀರಿಗೆ, ಒಂಟಿ ಕೋಣೆಗೆ ಹೆದರದ ಹೆಂಗಸು ನನ್ನ ಕೈಗಳನ್ನು ನೋಡಿ ಹೆದರಿದ್ದನ್ನು ನಾನು ಕಣ್ಣಾರೆ ಕಂಡೆ.

"ಹೊಸದು ತೋರಿಸ್ತೀರಾ ಅಕ್ಕ?" ಅಂದರು.

ಆಗ ತಾನೇ ಮುಗಿಸಿದ ಕುಣಿಕೆ ಮೆಷಿನ್ನಿನ ಮೇಲಿತ್ತು. ಅದರಲ್ಲಿ ಯಾವ ಬೊಟ್ಟೂ ಇಲ್ಲ, ದಾರ ಬಿಟ್ಟು ಬೇರೆ ಏನೂ ಇಲ್ಲ. ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಬಗ್ಗಿ ಒಂದೊಂದೇ ಹೊಲಿಗೆಯ ಮೇಲೆ ಉಗುರಿಟ್ಟು, ಕನ್ನಡದಲ್ಲೇ ಒಂದು, ಎರಡು, ಮೂರು ಎಂದು ಎಣಿಸಿದರು. ನಾಲ್ಕು ಮೂಲೆಯನ್ನೂ ದಾಟಿ ಕೊನೆಗೆ ಬಂದರು. ಲೆಕ್ಕ ಸರಿಯಿತ್ತು. ಭೂತಗನ್ನಡಿಯನ್ನು ನನಗೆ ಕೊಡದೆ ಹಾಗೇ ಹಿಡಿದುಕೊಂಡಿದ್ದರು.

"ಇನ್ನೊಂದ್ಸಲ ಅಕ್ಕ" ಅಂದರು. "ಈ ಸಲ ನೀವು ಎಣಿಸಿ, ನಾನು ನೋಡ್ತೀನಿ."

ನಾನು ಮೊದಲಿನಿಂದ ಎಣಿಸಿದೆ.